ಅತ್ತಿಗೆ ಕೈಗೆ ಒಗ್ಗದ ಲ್ಯಾಪ್‌ಟಾಪ್

ಮಾರ್ಚ್ 2

ಗೆ,
ತಾಂತ್ರಿಕ ವಿಭಾಗ,
ದ್ವೀಪದ ಹವಾಮಾನ ಕೇಂದ್ರ.

ವಿಷಯ: ಹಳೆಯ ಲ್ಯಾಪ್‌ಟಾಪ್ ಚಾಲೂ ಆಗದಿರುವ ಬಗ್ಗೆ ಸಲಹೆ ಕೋರಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಸುವುದೇನೆಂದರೆ, ನಮ್ಮ ಹೊಲಿಗೆ ಅಂಗಡಿಯಲ್ಲಿರುವ ಲ್ಯಾಪ್‌ಟಾಪು ಕೆಲವು ವಾರಗಳಿಂದ ಸರಿಯಾಗಿ ಚಾಲೂ ಆಗುತ್ತಿಲ್ಲ. ಬಟನ್ ಒತ್ತಿದರೆ ದೀಪ ಹತ್ತುತ್ತದೆ, ಒಳಗೆ ಫ್ಯಾನು ತಿರುಗುವ ಸದ್ದೂ ಬರುತ್ತದೆ, ಆದರೆ ಪರದೆ ಕಪ್ಪಗೇ ಇರುತ್ತದೆ. ಒಮ್ಮೊಮ್ಮೆ ಬೆಳಕು ಬಂದರೂ ಕೆಲಸಕ್ಕೆ ಕೂರುವಷ್ಟರಲ್ಲಿ ಆರಿಹೋಗುತ್ತದೆ.

ಸಿದ್ಧ ಉಡುಪು ಮೈಗೆ ಕೂರದವರಿಗೆ, ಅಂದರೆ ಬೆನ್ನು ಬಾಗಿದವರಿಗೆ, ಆಪರೇಷನ್ ಆದವರಿಗೆ, ಗಾಲಿಕುರ್ಚಿಯಲ್ಲಿ ಕೂರುವವರಿಗೆ ನಾವು ಬಟ್ಟೆ ಹೊಲಿಯುವುದು ತಮಗೆ ತಿಳಿದಿದೆ. ಅಳತೆ ತುಂಬಿದರೆ ಕಟಿಂಗ್ ನಕ್ಷೆ ಬರೆದುಕೊಡುವ ಪ್ರೋಗ್ರಾಂ ಇರುವುದು ಈ ಲ್ಯಾಪ್‌ಟಾಪಿನಲ್ಲಿ ಮಾತ್ರ. ಅದನ್ನು ಮಾಡಿದ ಕಂಪನಿ ಮುಚ್ಚಿಹೋಗಿದೆ, ಬೇರೆ ಲ್ಯಾಪ್‌ಟಾಪಿಗೆ ಹಾಕಲು ಬರುವುದಿಲ್ಲವಂತೆ. ನಕ್ಷೆ ತೆಗೆಯುವ ಕೆಲಸ ತಮ್ಮ ಅಣ್ಣನವರದು, ಹೊಲಿಗೆ ನನ್ನದು ಎಂದಿತ್ತು. ಅವರು ಜನವರಿಯಲ್ಲಿ ಮನೆ, ಅಂಗಡಿ ಎರಡನ್ನೂ ಬಿಟ್ಟು ಬೇರೆಯವರ ಜೊತೆ ಬೇರೆ ಕಡೆ ವಾಸವಾಗಿರುವುದೂ ತಮಗೆ ತಿಳಿದೇ ಇದೆ.

ಇದು ಚಾಲೂ ಆಗದಿದ್ದರೆ ನಾನು ಲ್ಯಾಪ್‌ಟಾಪು ಎತ್ತಿಕೊಂಡು ಅವರ ಹೊಸ ಮನೆಯ ಬಾಗಿಲಿಗೆ ಹೋಗಿ ನಿಲ್ಲಬೇಕು. ಇಲ್ಲವೇ ಅಂಗಡಿ ಮುಚ್ಚಬೇಕು. ಎರಡೂ ನನ್ನಿಂದಾಗದು. ತಿಂಗಳ ಕೊನೆಗೆ ನಮ್ಮ ಅಂಚೆಯಮ್ಮ ನಿವೃತ್ತಿಯಾಗುತ್ತಾರೆ. ವರ್ಷಗಟ್ಟಲೆ ಚೀಲ ಹೊತ್ತು ಅವರ ಬಲ ಹೆಗಲು ಇಳಿದಿದೆ. ಆ ದಿನಕ್ಕೆ ಹೆಗಲು ಸಮವಾಗಿ ಕಾಣುವ ಕೋಟು ಹೊಲಿದು ಕೊಡುವುದಾಗಿ ಮಾತು ಕೊಟ್ಟಿದ್ದೇನೆ.

ದ್ವೀಪಕ್ಕೆ ಫೋನಿಲ್ಲದ ಕಾರಣ ಅಂಚೆಯ ಮೂಲಕ ಸಲಹೆ ನೀಡಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಹೊಲಿಗೆ ಅಂಗಡಿ

*

ಮಾರ್ಚ್ 5

ಅತ್ತಿಗೆ,

ಮೊದಲು ಜಗಳ, ಆಮೇಲೆ ಲ್ಯಾಪ್‌ಟಾಪ್.

ನನಗೆ ಅರ್ಜಿ ಬರೀತೀರಾ? "ಮಾನ್ಯರೇ" ಅಂತೆ, "ತಮ್ಮ ವಿಶ್ವಾಸಿ" ಅಂತೆ! ದೋಣಿಯವನು ಕವರ್ ತಂದುಕೊಟ್ಟಾಗ ನಮ್ಮ ಮೇಲಧಿಕಾರಿಗಳು ಅದನ್ನ ಇಲಾಖೆ ಪತ್ರ ಅಂದ್ಕೊಂಡು ಒಡೆದು, ಪೂರ್ತಿ ಓದಿ, ಮೇಲೊಂದು ಸೀಲು ಜಡಿದು ನನ್ನ ಮೇಜಿಗೆ ಕಳಿಸಿದ್ರು. ನಮ್ಮನೆ ಪುರಾಣ ಈಗ ಆಫೀಸಿನ ಫೈಲಲ್ಲಿದೆ. ಅಣ್ಣ ಮನೆ ಬಿಟ್ಟಿರೋದು ಇನ್ನು ಮುಂದೆ ಗಾಳಿ, ಮೋಡ, ತೇವಾಂಶದ ಜೊತೆ ಭದ್ರವಾಗಿರುತ್ತೆ. ಊಟದ ಹೊತ್ತಿಗೆ ಅವರು ಬಂದು, "ಆ ಕೋಟಿನ ಹೆಗಲಿಗೆ ಒಳಗೆ ಹತ್ತಿ ಕೊಟ್ರೆ ಆಗಲ್ವಾ?" ಅಂತ ಕೇಳಿದ್ರು. ಒಳ್ಳೆಯವರೇ, ಏನು ಮಾಡೋದು.

ನಾನು ಏಳನೇ ಕ್ಲಾಸಲ್ಲಿದ್ದಾಗ ನೀವು ಆ ಮನೆಗೆ ಬಂದ್ರಿ. ಅಮ್ಮ ಇಲ್ಲದ ಮನೇಲಿ ನನ್ನ ತಲೆಯ ಹೇನು ತೆಗೆದವರು ನೀವು. "ಲೇ ಚಿನಕುರಳಿ" ಅಂತ ಕರೆದು ಕರೆದು ಬೀದಿಯವರೆಲ್ಲ ನನ್ನ ನಿಜವಾದ ಹೆಸರು ಮರೆತ್ರು. ಈಗ ಆ ಬಾಯಲ್ಲಿ ನಾನು ತಾಂತ್ರಿಕ ವಿಭಾಗ. ಇರಲಿ, ಹೊಟ್ಟೆಗೆ ಹಾಕ್ಕೊಂಡಿದ್ದೀನಿ.

ಈಗ ಕೆಲಸ. ಚಾರ್ಜರ್ ಕಿತ್ತುಬಿಡಿ. ಲ್ಯಾಪ್‌ಟಾಪ್ ಬೋರಲು ಹಾಕಿ, ಎರಡು ಚಿಲಕ ಸರಿಸಿ ಬ್ಯಾಟರಿ ಹೊರಗೆ ತೆಗೀರಿ. ಬ್ಯಾಟರಿ ಇಲ್ಲದೆ ಬಟನ್ ಒತ್ತಿ ಹಿಡಿದು ಮೂವತ್ತು ಎಣಿಸಿ. ಒಳಗೆ ಸೇರಿಕೊಂಡ ಕರೆಂಟು ಹೋಗ್ಲಿ ಅಂತ, ಬೇರೇನಿಲ್ಲ. ಆಮೇಲೆ ಬ್ಯಾಟರಿ ಹಾಕದೆ ಚಾರ್ಜರ್ ಒಂದನ್ನೇ ಚುಚ್ಚಿ ನೋಡಿ. ಹಳೇ ಲ್ಯಾಪ್‌ಟಾಪಲ್ಲಿ ಹತ್ತಕ್ಕೆ ಐದು ಇಷ್ಟಕ್ಕೇ ಸರಿಹೋಗ್ತವೆ.

ಇನ್ನೊಂದು. ಫೆಬ್ರವರಿ ಶುರುವಲ್ಲಿ ನಾನೊಂದು ಪಾರ್ಸೆಲ್ ಕಳಿಸಿದ್ದೆ. ಮಣಿಕಟ್ಟಿಗೆ ಕಟ್ಟಿಕೊಳ್ಳೋ ಸೂಜಿಪಟ್ಟಿ. ಬಾಯ್ತುಂಬ ಗುಂಡುಸೂಜಿ ಕಚ್ಚಿಕೊಂಡು ಮಾತಾಡೋ ನಿಮ್ಮನ್ನ ನೋಡಿ ನೋಡಿ ಚಿಕ್ಕಂದಿನಿಂದ ನನ್ನ ಜೀವ ಹೋಗಿದೆ. ಇಲ್ಲಿ ಗಾಳಿ ಅಳೆಯೋ ಯಂತ್ರವೊಂದು ಕೆಟ್ಟು ಮೂಲೆ ಸೇರಿತ್ತು. ಕೇಳಿಕೊಂಡು ಅದರ ಮ್ಯಾಗ್ನೆಟ್ ಬಿಚ್ಚಿ, ನೀಲಿ ಬಟ್ಟೆ ಹೊದಿಸಿ ನಾನೇ ಹೊಲಿದಿದ್ದು. ಹೊಲಿಗೆ ನೋಡಿ ನೀವು ನಗ್ತೀರ, ಗೊತ್ತು. ಅದು ಬಂತಾ? ಅಷ್ಟಾದ್ರೂ ಹೇಳಿ.

ದೋಣಿ ಸಾಮಾನು ಇಳಿಸಿ ವಾಪಸ್ ಹೊರಡೋಷ್ಟರಲ್ಲಿ ಬರೀತಿದ್ದೀನಿ. ಮತ್ತೆ ಅದು ಬರೋದು ಮುಂದಿನ ಗುರುವಾರ.

ಚಿನಕುರಳಿ

*

ಮಾರ್ಚ್ 9

ನಾದಿನಿಯವರಿಗೆ,

ಕಾಗದಕ್ಕೆ ಸೀಲು ಬಿದ್ದದ್ದು ಕೇಳಿ ನಾಚಿಕೆಯಾಯಿತು. ಹೆಗಲಿಗೆ ಹತ್ತಿ ಕೊಟ್ಟರೆ ಆಗುವುದಿಲ್ಲ ಎಂದು ನಿಮ್ಮ ಮೇಲಧಿಕಾರಿಗಳಿಗೆ ತಿಳಿಸಿ. ಬೆನ್ನು ಸಹ ಒಂದು ಪಕ್ಕಕ್ಕೆ ತಿರುಗಿದೆ. ಹೆಗಲು ಮಾತ್ರ ಎತ್ತಿದರೆ ಕೋಟಿನ ಅಂಚು ಓರೆಯಾಗುತ್ತದೆ.

ನೀವು ಹೇಳಿದಂತೆ ಬ್ಯಾಟರಿ ತೆಗೆದು ಬಟನ್ ಹಿಡಿದು ಎಣಿಸಿದೆ. ಅಂಚೆಯಮ್ಮ ಪಕ್ಕದಲ್ಲಿ ನಿಂತು ಜೊತೆಗೆ ಎಣಿಸಿದರು. ಆಮೇಲೆ ಚಾರ್ಜರ್ ಹಾಕಿದಾಗ ಪರದೆಯಲ್ಲಿ ಕಂಪನಿ ಗುರುತು ಬಂತು. ಪಾಸ್‌ವರ್ಡ್ ಕೇಳಿತು. ನಾನು ಕುರ್ಚಿ ಎಳೆದುಕೊಂಡು ಕೂತು ಕೈ ಇಟ್ಟೆ, ಅಷ್ಟೇ, ಕತ್ತಲಾಯಿತು. ಆಮೇಲೆ ಎಷ್ಟು ಒತ್ತಿದರೂ ಅದೇ ಕತೆ.

ಪಾರ್ಸೆಲ್ ಬಂದಿದೆ.

"ನೀವು" ಅಂತ ಬರೆಯುವುದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನನಗೂ ಕೈ ತಡವರಿಸುತ್ತದೆ. ಆದರೆ ಅಭ್ಯಾಸ ಆಗಬೇಕಲ್ಲ. ಗಂಡನೇ ಬಿಟ್ಟುಹೋದ ಮೇಲೆ ಅವನ ತಂಗಿಗೆ ನಾನು ಎಲ್ಲಿಯ ಅತ್ತಿಗೆ? ನಿಮಗೆ ಒಡಹುಟ್ಟಿದವರು ಅಂತ ಇರುವುದು ಅವರೊಬ್ಬರೇ. ನಾಳೆ ನೀವು ಹೋಗಿಬರುವ ಮನೆ ಅದು. ಇಲ್ಲಿಗೆ ಬಂದು ಅಲ್ಲಿಗೂ ಹೋಗಿ ಎರಡು ಕಡೆ ಮುಖ ಚಿಕ್ಕದು ಮಾಡಿಕೊಳ್ಳುವುದು ಬೇಡ. ಇದು ಸಿಟ್ಟಿನಲ್ಲಿ ಬರೆದದ್ದಲ್ಲ.

ಲ್ಯಾಪ್‌ಟಾಪಿಗೆ ಇನ್ನೇನಾದರೂ ದಾರಿ ಇದ್ದರೆ ತಿಳಿಸಿ.

ಇಂತಿ,
ಅಂಗಡಿಯಿಂದ

*

ಮಾರ್ಚ್ 12

ಅತ್ತಿಗೆ, ಅತ್ತಿಗೆ, ಅತ್ತಿಗೆ,

ಮೂರು ಸಲ ಬರೆದಿದ್ದೀನಿ, ಅಳಿಸೋಕಾದ್ರೆ ಅಳಿಸಿ.

ನಾನು ಎಲ್ಲಿಗೆ ಹೋಗಬೇಕು, ಯಾರ ಮನೇಲಿ ಮುಖ ಚಿಕ್ಕದು ಮಾಡಿಕೊಳ್ಳಬೇಕು ಅನ್ನೋದೆಲ್ಲ ನೀವೇ ತೀರ್ಮಾನ ಮಾಡಿ ಕಾಗದಕ್ಕೆ ಹಾಕಿದ್ದೀರ. ಆ ವಿಷಯಕ್ಕೆ ಈಗ ಉತ್ತರ ಬರೆಯಲ್ಲ. ಬರೆದ್ರೆ ಜಗಳ ಆಗುತ್ತೆ, ದೋಣಿ ಕಾಯಲ್ಲ.

ನೀವು ಹೇಳಿದ್ದು ನೋಡಿದ್ರೆ ಪರದೆ ಹೋಗಿಲ್ಲ, ಚಾರ್ಜರೂ ಹೋಗಿಲ್ಲ. ಒಳಗಿನ ಮೆಮರಿ ಪಟ್ಟಿ ಸಡಿಲ ಆಗಿರಬೇಕು ಅನ್ನೋದು ನನ್ನ ಅನುಮಾನ. ಹಿಂದಿನ ಮುಚ್ಚಳಕ್ಕೆ ಒಂದೇ ಸ್ಕ್ರೂ ಇದೆ. ಬಿಚ್ಚಿದ್ರೆ ಬೆರಳುದ್ದದ ಹಸಿರು ಪಟ್ಟಿ ಕಾಣುತ್ತೆ. ಎರಡೂ ಪಕ್ಕದ ಕ್ಲಿಪ್ ಸರಿಸಿದ್ರೆ ಅದೇ ಎದ್ದು ನಿಲ್ಲುತ್ತೆ. ಅದರ ಹೊಂಬಣ್ಣದ ಅಂಚನ್ನ ಪೆನ್ಸಿಲ್ ಅಳಿಸೋ ರಬ್ಬರಲ್ಲಿ ಮೆಲ್ಲಗೆ ಉಜ್ಜಿ, ಮತ್ತೆ ಟಕ್ ಅನ್ನೋ ಹಾಗೆ ಕೂರಿಸಿ. ಗುಂಡಿ ಹಾಕಿದಷ್ಟೇ ಸುಲಭ. ಭಯ ಆದ್ರೆ ರಿಪೇರಿಯವರ ಹತ್ರ ಹೋಗಿ, ಆದ್ರೆ ನಿಮ್ಮ ಕಣ್ಣೆದುರೇ ಮಾಡಿಸಿ. ನಮ್ಮ ಕೇಂದ್ರದಲ್ಲೂ ನಿಮ್ಮದೇ ಕಂಪನಿಯ ಅದೇ ವಯಸ್ಸಿನ ಲ್ಯಾಪ್‌ಟಾಪ್ ಇದೆ. ಅದಕ್ಕೆ ನಾನು ಹೀಗೆ ಮಾಡಿ ಮಾಡಿ ಜೀವ ಉಳಿಸಿದ್ದೀನಿ.

ಸೂಜಿಪಟ್ಟಿ ವಿಷಯಕ್ಕೆ ಎರಡೇ ಪದದಲ್ಲಿ ಉತ್ತರ ಬಂತು. ಸಂತೋಷ. ಕಪಾಟಿನ ಮೇಲಿನ ಅರೆಗೆ ಹೋಗಿರಬೇಕು, ನೀವು ಬೇಡದ್ದನ್ನೆಲ್ಲ ಇಡೋದು ಅಲ್ಲೇ. ಇಷ್ಟ ಇಲ್ಲ ಅಂದ್ರೆ ಕಟ್ಟಿಕೊಳ್ಳಬೇಡಿ. ಸೂಜಿ ನುಂಗಬೇಡಿ, ಅಷ್ಟು ಸಾಕು.

ಚಿನಕುರಳಿ

*

ಮಾರ್ಚ್ 16

ಚಿನಕುರಳಿ,

ಇವತ್ತು "ನೀವು" ಬರೆಯೋಕೆ ಶಕ್ತಿ ಇಲ್ಲ ಕಣೇ. ತಲೆ ಕೆಟ್ಟುಹೋಗಿದೆ.

ರಬ್ಬರಲ್ಲಿ ಉಜ್ಜಿದೆ, ಕೂರಿಸಿದೆ, ಟಕ್ ಅಂತು. ಅಂಗಡೀಲಿ ಹತ್ತಲಿಲ್ಲ. ರಿಪೇರಿಯವರ ಹತ್ರ ಹೊತ್ತುಕೊಂಡು ಹೋದೆ. ಆ ಮುದುಕಪ್ಪ ಕನ್ನಡಕ ಹಣೆಗೇರಿಸಿ ಒಂದೇ ಸಲ ಬಟನ್ ಒತ್ತಿದ್ರು, ಹತ್ತಿಕೊಂಡಿತು! ನಾನು ಪಾಸ್‌ವರ್ಡ್ ಹೇಳಿದೆ, ಅವರೇ ಹೊಡೆದ್ರು. ಮಧ್ಯಾಹ್ನವೆಲ್ಲ ಉರೀತಾ ಇತ್ತು. ನಾನು ಸ್ಟೂಲ್ ಮೇಲೆ ಕೈಕಟ್ಟಿ ಕೂತು ನೋಡ್ತಾ ಇದ್ದೆ. "ಏನೂ ಆಗಿಲ್ಲಮ್ಮ, ಗುಂಡುಕಲ್ಲಿನ ಹಾಗಿದೆ" ಅಂತ ಹೇಳಿ ಕಳಿಸಿದ್ರು. ಅಂಗಡಿಗೆ ತಂದು ಕೂತೆ. ಹೋಯ್ತು.

ಆಮೇಲೆ ಅಂಚೆಯಮ್ಮ ಬಂದ್ರು. ಅವರು ಒತ್ತಿದ್ರೆ ಹತ್ತುತ್ತೆ. ನಾನು ಕೂತರೆ ಆರುತ್ತೆ. ನಾನು ಎದ್ದು ಅವರು ಕೂತರೆ ಮತ್ತೆ ಬೆಳಕು. ಅವರಿಗೆ ನಗು ತಡೆಯೋಕಾಗಲಿಲ್ಲ, ನಿಮ್ಮನ್ನ ಕಂಡ್ರೆ ಇದಕ್ಕೆ ನಾಚಿಕೆ ಅಂತ ಚುಡಾಯಿಸಿದ್ರು. ನಾನೂ ನಕ್ಕೆ. ಅವರು ಹೋದ ಮೇಲೆ ಕಟಿಂಗ್ ಟೇಬಲ್ ಮೇಲೆ ತಲೆ ಇಟ್ಟು ಚೆನ್ನಾಗಿ ಅತ್ತೆ. ಅಂಚೆಯಮ್ಮ ಕೂತು ಅಳತೆ ತುಂಬಲಿ ಅಂದ್ರೆ ಅವರಿಗೆ ಆ ಪ್ರೋಗ್ರಾಂನ ತಲೆಬುಡ ಗೊತ್ತಿಲ್ಲ, ಪಾಪ, ಅವರಿಗೆ ಬೀದಿ ಸುತ್ತೋ ಕೆಲಸವೂ ಇದೆ.

ಪಾಸ್‌ವರ್ಡ್ ಏನು ಗೊತ್ತಾ? ನಿನ್ನ ಅಡ್ಡಹೆಸರು. ನಿಮ್ಮಣ್ಣ ಇಟ್ಟಿದ್ದು. ಮಣಿಕಟ್ಟು ಊರಿ "ಚಿನ" ಅಂತ ಒತ್ತೋಷ್ಟರಲ್ಲಿ ಕತ್ತಲು. ದಿನಾ ನಿನ್ನ ಅರ್ಧ ಹೆಸರು ಕರೆದು ಸುಮ್ಮನಾಗ್ತೀನಿ.

ನನಗೊಂದು ಅನುಮಾನ ಬಂದಿದೆ. ಬೇಕಂತಲೇ ಅವರೇ ಏನೋ ಮಾಡಿಟ್ಟು ಹೋಗಿದ್ದಾರಾ ಅಂತ. ನಾನು ಕೈಲಾಗದೆ ಅವರನ್ನೇ ಕರೀಲಿ ಅಂತ. ಇಲ್ಲ ಅಂದ್ರೆ ಊರಿನವರಿಗೆಲ್ಲ ಹತ್ತೋದು ನನ್ನೊಬ್ಬಳಿಗೆ ಯಾಕೆ ಹತ್ತಲ್ಲ ಹೇಳು. ಲ್ಯಾಪ್‌ಟಾಪಿಗೂ ನಾನು ಬೇಡ ಆದೆನಾ ಅನ್ನಿಸುತ್ತೆ. ನಗಬೇಡ.

ಅತ್ತಿಗೆ

(ಬರೆದುಬಿಟ್ಟೆ, ಇರಲಿ ಬಿಡು.)

*

ಮಾರ್ಚ್ 19

ಅತ್ತಿಗೆ,

ನಗಲಿಲ್ಲ. ಕಾಗದ ಓದಿ ಎದ್ದು ಹೋಗಿ ಗಾಳಿಯಂತ್ರದ ಕಂಬದ ಹತ್ರ ನಿಂತುಕೊಂಡೆ. ಮೇಲಧಿಕಾರಿಗಳು ಏನಾಯ್ತು ಅಂದ್ರೆ ಕಣ್ಣಿಗೆ ಧೂಳು ಅಂದೆ. ಸುತ್ತ ನೀರಿರೋ ಜಾಗದಲ್ಲಿ ಎಲ್ಲಿಯ ಧೂಳು ಅಂತ ಅವರೂ ಕೇಳಲಿಲ್ಲ.

ಹೊಲಿಯೋ ಕೈಗೆ ಯಂತ್ರ ಯಾಕೆ ಹೆದರುತ್ತೆ? ಲ್ಯಾಪ್‌ಟಾಪಿಗೆ ಯಾರು ಬೇಕು ಯಾರು ಬೇಡ ಅನ್ನೋ ಬುದ್ಧಿ ಇಲ್ಲ ಅತ್ತಿಗೆ. ಬುದ್ಧಿ ಇದ್ದೂ ಹಾಗೆ ಮಾಡಿದವನು ಬೇರೆ ಒಬ್ಬ ಇದ್ದಾನೆ.

ನಿಮ್ಮ ಅನುಮಾನ ನನಗೂ ಹೌದು ಅನ್ನಿಸಿತು. ಬೇರೆಯವರಿಗೆ ಹತ್ತಿ ನಿಮಗೆ ಮಾತ್ರ ಹತ್ತಲ್ಲ ಅನ್ನೋಕೆ ನನಗೆ ಗೊತ್ತಿರೋ ರಿಪೇರಿಯಲ್ಲಿ ಕಾರಣವೇ ಇಲ್ಲ. ಅವನು ಏನೋ ಕೈಚಳಕ ತೋರಿಸಿದ್ದಾನೆ. ಅದಕ್ಕೇ ಒಂದು ಕೆಲಸ ಮಾಡಿದ್ದೀನಿ. ಏನು ಅಂತ ಆಮೇಲೆ ಹೇಳ್ತೀನಿ. ಈ ವಾರ ಲ್ಯಾಪ್‌ಟಾಪ್ ಮುಟ್ಟಬೇಡಿ, ಸಮಾಧಾನವಾಗಿರಿ. ಅಂಚೆಯಮ್ಮನಿಗೆ ಕೋಟು ಆಗೇ ಆಗುತ್ತೆ ಅಂತ ನನ್ನ ಹೆಸರಲ್ಲಿ ಹೇಳಿ.

ಹೊಟ್ಟೆಗೆ ಸರಿಯಾಗಿ ತಿನ್ನಿ. ಅಳಬೇಕು ಅನ್ನಿಸಿದ್ರೆ ಅಳಿ, ಬಟ್ಟೆ ಮೇಲೆ ಅಲ್ಲ, ಕಲೆ ಆಗುತ್ತೆ ಅಂತ ನೀವೇ ಬಯ್ತಿದ್ರಿ.

ಚಿನಕುರಳಿ

*

ಮಾರ್ಚ್ 23

ನಾದಿನಿಯವರಿಗೆ,

ನೀವು ಮಾಡಿದ ಕೆಲಸ ಏನು ಅಂತ ತಿಳಿಯಿತು. ನಿನ್ನೆ ನಿಮ್ಮ ಅಣ್ಣ ಅಂಗಡಿಗೆ ಬಂದಿದ್ದರು. ನೀವು ಬರೆದ ಕಾಗದ ಅವರ ಜೇಬಿನಲ್ಲಿತ್ತು. ನಿಮ್ಮೊಬ್ಬರಿಗೆ ಅಂತ ನಾನು ಹೇಳಿಕೊಂಡದ್ದನ್ನೆಲ್ಲ ನನ್ನೆದುರೇ ಬಿಡಿಸಿ ಓದಿದರು. ಟೇಬಲ್ ಮೇಲೆ ತಲೆ ಇಟ್ಟು ಅತ್ತದ್ದನ್ನೂ.

ನೀವು ನನ್ನ ಪರವಾಗಿಯೇ ಬರೆದಿದ್ದಿರಿ. ಅವರಿಗೆ ಚೆನ್ನಾಗಿ ಛೀಮಾರಿ ಹಾಕಿದ್ದಿರಿ. ಆದರೂ ಅವರ ಬಾಯಲ್ಲಿ ಅದನ್ನು ಕೇಳುವಾಗ ಮಾನ ಹರಾಜಾದ ಹಾಗಾಯಿತು.

ಅವರು ಕೂತು ಬಟನ್ ಒತ್ತಿದರು. ಹತ್ತಿತು. ಪಾಸ್‌ವರ್ಡ್ ಹೊಡೆದರು, ಪ್ರೋಗ್ರಾಂ ತೆರೆದರು, ಎಲ್ಲ ಸರಿಯಿತ್ತು. ನಾನೇನೂ ಮಾಡಿಲ್ಲ ಎಂದರು. ನಿಜ ಅನ್ನಿಸಿತು. ಆಮೇಲೆ "ನಿನಗೆ ಇದೆಲ್ಲ ಬರಲ್ಲ ಬಿಡು" ಎಂದರು. ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು. ಮೆತ್ತಗೆ, ಮರುಕದಿಂದ ಹೇಳಿದರು. ಲ್ಯಾಪ್‌ಟಾಪು, ಪ್ರಿಂಟರು ತಾವು ಒಯ್ದು ನಕ್ಷೆ ಅಲ್ಲೇ ತೆಗೆದು ಕಳಿಸುತ್ತಾರಂತೆ, ನಾನು ಹೊಲಿದುಕೊಟ್ಟರೆ ಸಾಕಂತೆ. ಅಂದರೆ ಅಂಗಡಿ ಅವರದು, ನಾನು ಅದರ ಟೈಲರು. ಯೋಚನೆ ಮಾಡುವಷ್ಟು ತ್ರಾಣ ಇರಲಿಲ್ಲ, ಆಗಲಿ ಎಂದೆ. ಶುಕ್ರವಾರ ಬೆಳಿಗ್ಗೆ ಒಯ್ಯಲು ಬರುತ್ತಾರೆ.

ಹೊರಡುವಾಗ ಇನ್ನೊಂದು ಮಾತು ಹೇಳಿದರು. ಮುಂದಿನ ತಿಂಗಳ ರಜೆಗೆ ನೀವು ಅವರ ಹೊಸ ಮನೆಗೆ ಹೋಗುತ್ತೀರಂತೆ, ಆಗಲೇ ಕರೆದಾಗಿದೆಯಂತೆ. ಹೋಗಬೇಕಾದದ್ದೇ. ನಾನೇ ಹಾಗೆ ಬರೆದಿದ್ದೆ. ಆದರೆ ಇಷ್ಟು ಕಾಗದ ಬರೆದರೂ ನೀವು ಅದನ್ನು ಬಾಯಿಬಿಡಲಿಲ್ಲವಲ್ಲ, ಅದನ್ನು ಮಾತ್ರ ಮರೆಯಲಾಗುತ್ತಿಲ್ಲ.

ನಿಮ್ಮ ಸೂಜಿಪಟ್ಟಿಯನ್ನು ಇದರ ಜೊತೆ ಡಬ್ಬಿಯಲ್ಲಿಟ್ಟು ಕಳಿಸುತ್ತಿದ್ದೇನೆ. ಇಷ್ಟವಾಗಲಿಲ್ಲ ಅಂತ ತಿಳಿಯಬೇಡಿ. ಕಪಾಟಿನ ಮೇಲಿನ ಅರೆಗೆ ಅದು ಒಂದು ದಿನವೂ ಹೋಗಿಲ್ಲ. ಬಂದ ದಿನವೇ ಎಡಗೈಗೆ ಕಟ್ಟಿಕೊಂಡೆ. ಬೆಳಿಗ್ಗೆ ಮುಖ ತೊಳೆದ ಮೇಲೆ ಕಟ್ಟಿದರೆ ಅಂಗಡಿ ಬಾಗಿಲು ಹಾಕುವವರೆಗೆ ಕೈಯಲ್ಲೇ ಇರುತ್ತಿತ್ತು. ಕಟ್ಟಿಕೊಂಡಿದ್ದೇನೆ ಅನ್ನುವುದೇ ಮರೆತುಹೋಗುವಷ್ಟು ಒಗ್ಗಿತ್ತು. ಬಾಯಲ್ಲಿ ಸೂಜಿ ಕಚ್ಚುವುದು ಬಿಟ್ಟೇ ಎರಡು ತಿಂಗಳಾಗುತ್ತಾ ಬಂತು. ನಿಮ್ಮ ಹೊಲಿಗೆ ಓರೆಕೋರೆಯಾಗಿತ್ತು, ಬಿಚ್ಚಿ ಸರಿಮಾಡಲು ಮನಸ್ಸು ಬರಲಿಲ್ಲ. ಇದನ್ನು ಹೇಳಿದರೆ ನಂಟು ಮತ್ತೆ ಗಂಟುಬೀಳುತ್ತದೆ ಎಂದು ಹೇಳಿರಲಿಲ್ಲ. ಈಗ ಹೇಳಿದರೂ ನಷ್ಟವಿಲ್ಲ.

ಬೆಳಿಗ್ಗೆ ಅದನ್ನು ಬಿಚ್ಚಿ ಡಬ್ಬಿಗೆ ಹಾಕಿ, ಕೊನೆಯದಾಗಿ ಒಮ್ಮೆ ಅಂತ ಲ್ಯಾಪ್‌ಟಾಪು ಒತ್ತಿದೆ. ಹತ್ತಿಕೊಂಡಿತು. ನಿಮ್ಮ ಹೆಸರು ಪೂರ್ತಿ ಹೊಡೆದೆ, ಒಳಗೆ ಬಿಟ್ಟಿತು. ಇಷ್ಟು ವರ್ಷ ಅವರ ಪಕ್ಕ ನಿಂತು ನೋಡಿದ್ದು ವ್ಯರ್ಥವಾಗಿಲ್ಲ, ಅಂಚೆಯಮ್ಮನ ಅಳತೆಯೆಲ್ಲ ತುಂಬಿ ಕೋಟಿನ ನಕ್ಷೆ ಪ್ರಿಂಟು ತೆಗೆದೆ. ನಿನ್ನೆ ಅವರು ಕೈಯಾಡಿಸಿ ಹೋದ ಪ್ರಭಾವ ಇರಬೇಕು. ಹೊರಟು ನಿಂತ ನೆಂಟರು ಬಾಗಿಲಲ್ಲಿ ಅಕ್ಕರೆ ತೋರಿಸಿದ ಹಾಗೆ ನನಗೂ ಒಂದು ದಿನ ಹತ್ತಿತು. ಇಂಥದ್ದನ್ನು ನಂಬಿಕೊಂಡು ಅಂಗಡಿ ನಡೆಸಲಾಗುವುದಿಲ್ಲ.

ಕೋಟು ಆಗುತ್ತದೆ. ಅಂಗಡಿಯ ಕತೆ ಇಲ್ಲಿಗೆ ಆಯಿತು. ನಿಮ್ಮ ಮೇಲೆ ಸಿಟ್ಟಿಲ್ಲ. ಚೆನ್ನಾಗಿರಿ.

ಇಂತಿ

*

ಮಾರ್ಚ್ 26, ಮಧ್ಯಾಹ್ನದ ರೇಡಿಯೋ ಸಂದೇಶ
ದ್ವೀಪದ ಹವಾಮಾನ ಕೇಂದ್ರದಿಂದ ಬಂದರು ಕಚೇರಿಗೆ

ಗಾಳಿ ಪಶ್ಚಿಮದಿಂದ, ಸಾಧಾರಣ. ಅಲೆಗಳು ಮಧ್ಯಮ. ದೋಣಿಗಳಿಗೆ ಎಚ್ಚರಿಕೆ ಇಲ್ಲ. ಹೊಲಿಗೆ ಅಂಗಡಿಯ ಅತ್ತಿಗೆಗೆ ಎಚ್ಚರಿಕೆ ಇದೆ. ದಯವಿಟ್ಟು ಇದನ್ನು ಇವತ್ತೇ ಫೋನ್ ಮಾಡಿ ಓದಿ ಹೇಳುವುದು. ಲ್ಯಾಪ್‌ಟಾಪ್ ಕೊಡಬೇಡಿ. ಕೆಟ್ಟಿಲ್ಲ. ಎಡಗೈಯಲ್ಲಿದ್ದ ಸೂಜಿಪಟ್ಟಿಯ ಮ್ಯಾಗ್ನೆಟ್ ಕಾರಣ. ಮ್ಯಾಗ್ನೆಟ್ ಹತ್ತಿರ ಬಂದರೆ ಅದು ಮುಚ್ಚಳ ಮುಚ್ಚಿದೆ ಅಂದುಕೊಂಡು ಮಲಗುತ್ತದೆ. ದೂರ ಇಟ್ಟರೆ ಏಳುತ್ತದೆ. ತಪ್ಪು ನಿಮ್ಮದಲ್ಲ. ನಾನು ಕಳಿಸಿದ್ದು. ಮತ್ತೆ ಹೇಳುತ್ತೇನೆ, ಕೊಡಬೇಡಿ. ತೇವಾಂಶ ಹೆಚ್ಚು. ಸಂದೇಶ ಮುಗಿಯಿತು.

*

ಮಾರ್ಚ್ 26

ಅತ್ತಿಗೆ,

ಈ ಕಾಗದ ನಿಮ್ಮ ಕೈ ಸೇರೋದು ಶನಿವಾರ. ಅಷ್ಟರಲ್ಲಿ ಶುಕ್ರವಾರ ಕಳೆದಿರುತ್ತೆ. ಅದಕ್ಕೇ ರೇಡಿಯೋಗೆ ಕೈ ಹಾಕಿದೆ. ಅದರಲ್ಲಿ ಹವಾಮಾನ ಬಿಟ್ಟು ಬೇರೆ ಮಾತಾಡೋ ಹಾಗಿಲ್ಲ, ಪ್ರಾಣಾಪಾಯ ಇದ್ರೆ ಮಾತ್ರ. ಮೇಲಧಿಕಾರಿಗಳು ಯಾರ ಪ್ರಾಣ ಅಂತ ಕೇಳಿದ್ರು. ನಮ್ಮತ್ತಿಗೇದು ಅಂದೆ. ಅವರು ಎದ್ದು ಕಿಟಕಿ ಕಡೆ ತಿರುಗಿ ಮೋಡ ನೋಡ್ತಾ ನಿಂತ್ರು. ನನಗೆ ನಾಳೆ ಮೆಮೋ ಕೊಡ್ತಾರಂತೆ, ಇವತ್ತು ನನ್ನ ಮಾತು ಅವರ ಕಿವಿಗೆ ಬಿದ್ದಿಲ್ಲವಂತೆ.

ನಿಮ್ಮ ಕಾಗದದಲ್ಲಿ "ಎಡಗೈಗೆ ಕಟ್ಟಿಕೊಂಡೆ" ಅನ್ನೋ ಹತ್ರ ಬಂದಾಗ ಮೊದಲು ಅಳು ಬಂತು. ಆಮೇಲೆ ತಲೆ ಓಡಿತು. ಮುಚ್ಚಳ ಮುಚ್ಚಿದಾಗ ಲ್ಯಾಪ್‌ಟಾಪಿಗೆ ಗೊತ್ತಾಗಲಿ ಅಂತ ಮುಚ್ಚಳದ ಅಂಚಲ್ಲಿ ಒಂದು ಚಿಕ್ಕ ಮ್ಯಾಗ್ನೆಟ್ ಇಟ್ಟಿರ್ತಾರೆ. ಅದನ್ನ ಗುರುತಿಸೋದು ಕೆಳಗೆ, ಸರಿಯಾಗಿ ಎಡಗೈ ಮಣಿಕಟ್ಟು ಊರೋ ಜಾಗದಲ್ಲಿದೆ. ಡಬ್ಬಿಯಿಂದ ಪಟ್ಟಿ ತೆಗೆದು ಕೈಗೆ ಕಟ್ಟಿಕೊಂಡು ನಮ್ಮ ಕೇಂದ್ರದ ಲ್ಯಾಪ್‌ಟಾಪ್ ಮುಂದೆ ಕೂತೆ. ಕೈ ಊರಿದೆ, ಕತ್ತಲಾಯ್ತು. ಎತ್ತಿದೆ, ಬೆಳಕಾಯ್ತು. ಯಂತ್ರದಿಂದ ಕಿತ್ತ ಮ್ಯಾಗ್ನೆಟ್ ಬೇರೆ, ಸಿಕ್ಕಾಪಟ್ಟೆ ಜೋರು.

ನೀವು ಪಟ್ಟಿಯನ್ನ ಮೂಲೆಗೆ ಬಿಸಾಕಿದ್ದೀರ ಅಂತಲೇ ನಾನು ನಂಬಿದ್ದೆ. ಅದಕ್ಕೇ ಅದು ನೆನಪಿಗೇ ಬರಲಿಲ್ಲ. ಬಿಸಾಕಿದ್ರೆ ನಿಮ್ಮ ಲ್ಯಾಪ್‌ಟಾಪು ಮೊದಲ ದಿನವೇ ಹತ್ತುತ್ತಿತ್ತು ಅತ್ತಿಗೆ. ನನ್ನ ಮೇಲಿನ ಪ್ರೀತಿಗೆ ಇಷ್ಟು ದಿನ ಕತ್ತಲಲ್ಲಿ ಕೂತ್ರಿ.

ಅಣ್ಣನಿಗೆ ಬರೆದದ್ದು ನನ್ನ ದುಡುಕು. ನಿಮ್ಮ ಗುಟ್ಟನ್ನ ಅವನ ಕೈಗಿಟ್ಟೆ. ಕಿವಿ ಹಿಂಡಿ, ಒಪ್ಕೋತೀನಿ. ರಜೆಗೆ ಅವನು ಕರೆದದ್ದು ನಿಜ. ನಿಮಗೆ ನೋವಾಗುತ್ತೆ ಅಂತ ಹೇಳಲಿಲ್ಲ. ಬರೋದಿಲ್ಲ ಅಂತ ಆಗಲೇ ಬರೆದಿದ್ದೆ, ಅದನ್ನ ಅವನು ನಿಮಗೆ ಹೇಳಿಲ್ಲ ನೋಡಿ. ಅವನು ಅಣ್ಣ ಅಲ್ಲ ಅನ್ನೋಕಾಗಲ್ಲ. ಆದ್ರೆ ನನಗೆ ಮನೆ ಅಂದ್ರೆ ನೀವಿರೋ ಕಡೆ. ರಜೆಗೆ ನಾನು ಬರೋದು ಅಲ್ಲಿಗೇ. ಜಾಗ ಇಲ್ಲ ಅಂದ್ರೆ ಕಟಿಂಗ್ ಟೇಬಲ್ ಕೆಳಗೆ ಮಲಗ್ತೀನಿ, ಚಿಕ್ಕವಳಿದ್ದಾಗ ಮಲಗ್ತಿದ್ದೆನಲ್ಲ ಹಾಗೆ.

ದೋಣಿಯವನು ಕೂಗ್ತಿದ್ದಾನೆ. ಬಂದರಿನವರು ಫೋನ್ ಮಾಡಿದ್ರೋ ಇಲ್ವೋ ಗೊತ್ತಿಲ್ಲ. ಮುಂದಿನ ಗುರುವಾರದವರೆಗೆ ನನಗೆ ಗೊತ್ತಾಗೋದೂ ಇಲ್ಲ. ಹೇಗೆ ಕಳೀಲಿ?

ಚಿನಕುರಳಿ

*

ಮಾರ್ಚ್ 31

ಲೇ ಚಿನಕುರಳಿ,

ಮೊದಲು ಉಸಿರು ಬಿಡು. ಕೊಡಲಿಲ್ಲ.

ಗುರುವಾರ ಸಂಜೆ ಅಂಗಡಿ ಫೋನ್ ಬಡ್ಕೊಂಡಿತು. ಎತ್ತಿದ್ರೆ ಯಾರೋ ಗಂಡಸು, ಗಂಟಲು ಸರಿಮಾಡಿಕೊಂಡು, "ಗಾಳಿ ಪಶ್ಚಿಮದಿಂದ, ಸಾಧಾರಣ" ಅಂತ ಶುರು ಮಾಡಿದ್ರು. ರಾಂಗ್ ನಂಬರ್ ಅಂತ ಇಟ್ಟುಬಿಟ್ಟೆ. ಮತ್ತೆ ಮಾಡಿದ್ರು. ಮತ್ತೆ ಗಾಳಿಯಿಂದಲೇ ಶುರು, ಅಕ್ಷರ ಬಿಡದೆ ಓದಬೇಕಂತೆ ಅವರ ನಿಯಮ. ಅತ್ತಿಗೆಗೆ ಎಚ್ಚರಿಕೆ ಅನ್ನೋ ಮಾತು ಬಂದಾಗ ಕುರ್ಚಿ ಹಿಡ್ಕೊಂಡೆ. "ತಪ್ಪು ನಿಮ್ಮದಲ್ಲ" ಅಂತ ಓದಿ ಅವರೇ ಇನ್ನೊಂದು ಸಲ ಗಂಟಲು ಸರಿಮಾಡಿಕೊಂಡ್ರು. ಆಮೇಲೆ ತೇವಾಂಶ ಹೆಚ್ಚು ಅಂದ್ರು. ಹೌದು ಕಣೇ, ಇಲ್ಲೂ ಹೆಚ್ಚೇ ಆಗಿತ್ತು.

ಪಟ್ಟಿ ನಿನ್ನ ಹತ್ರ ಹೋಗಿತ್ತಲ್ಲ. ನೆಲಕ್ಕೆ ಬಿದ್ದ ಸೂಜಿ ಆರಿಸೋ ದೊಡ್ಡ ಮ್ಯಾಗ್ನೆಟ್ ಮೇಜಿನ ಡ್ರಾಯರಲ್ಲಿತ್ತು. ಅದನ್ನ ಎಡಗಡೆ ಇಟ್ಟೆ, ಆರಿತು. ತೆಗೆದೆ, ಹತ್ತಿತು. ಹುಚ್ಚಿ ಹಾಗೆ ಇಡೋದು, ತೆಗೆಯೋದು, ಒಬ್ಬಳೇ ನಗೋದು. ಇಷ್ಟು ದಿನ ನನ್ನ ಕೈಗುಣ, ನನ್ನ ಹಣೆಬರಹ ಅಂತ ಏನೇನೋ ಅಂದ್ಕೊಂಡಿದ್ದೆ. ಒಂದು ಗೋಲಿಯಷ್ಟು ಕಬ್ಬಿಣ!

ಶುಕ್ರವಾರ ಬೆಳಿಗ್ಗೆ ನಿಮ್ಮಣ್ಣ ಚೀಲ ತಗೊಂಡು ಬಂದ್ರು. ಕೂರಿಸಿದೆ, ನೀರು ಕೊಟ್ಟೆ. ಅವರ ಮುಂದೆಯೇ ಬಟನ್ ಒತ್ತಿ, ನಿನ್ನ ಹೆಸರು ಪೂರ್ತಿ ಹೊಡೆದು, ಗಾಲಿಕುರ್ಚಿಯ ಅಜ್ಜನ ಪ್ಯಾಂಟಿನ ನಕ್ಷೆ ತೆಗೆದೆ. ಆಮೇಲೆ ಮ್ಯಾಗ್ನೆಟ್ ಇಟ್ಟು ಆರಿಸಿ, ತೆಗೆದು ಹತ್ತಿಸಿ ತೋರಿಸಿದೆ. ಅವರು ತುಂಬಾ ಹೊತ್ತು ಪ್ರಿಂಟಿನ ಗೆರೆ ನೋಡ್ತಾ ಕೂತಿದ್ರು. ಸೊಂಟದ ಹಿಂದೆ ಒಂದು ಬೆರಳು ಜಾಸ್ತಿ ಬಿಟ್ಟಿದ್ದೀಯ ಅಂದ್ರು. ಆ ಅಜ್ಜ ಕೂತೇ ಇರೋದು, ಬೇಕಂತಲೇ ಬಿಟ್ಟಿದ್ದು ಅಂದೆ. ಹೌದಲ್ಲ ಅಂದ್ರು. ಖಾಲಿ ಚೀಲ ಮಡಚಿ ಎದ್ದರು. ಬಾಗಿಲವರೆಗೆ ಹೋಗಿ ಕಳಿಸಿದೆ. ಅವರು ಹೋದ ಮೇಲೆ ಅಳು ಬರುತ್ತೆ ಅಂತ ಕಾಯ್ತಾ ಕೂತೆ. ಬರಲಿಲ್ಲ. ಹಸಿವಾಯ್ತು, ಊಟ ಮಾಡಿದೆ.

ಶನಿವಾರ ನಿನ್ನ ಕಾಗದ ತಂದುಕೊಟ್ಟ ಅಂಚೆಯಮ್ಮ, ಓದಿ ಹೇಳೋವರೆಗೂ ಕದಲಲಿಲ್ಲ. ಇವತ್ತು ಅವರ ಕೊನೇ ದಿನ. ಕೋಟು ಹಾಕ್ಕೊಂಡು ಅಂಗಡಿ ಕನ್ನಡಿ ಮುಂದೆ ನಿಂತ್ರು. ಎರಡೂ ಹೆಗಲು ಒಂದೇ ಸಮ, ಅಂಚು ನೇರ. ಅವರು ಎಡಕ್ಕೆ ತಿರುಗಿದ್ರು, ಬಲಕ್ಕೆ ತಿರುಗಿದ್ರು, ಚೀಲ ಇಲ್ಲದ ಹೆಗಲನ್ನ ಮುಟ್ಟಿ ಮುಟ್ಟಿ ನೋಡಿಕೊಂಡ್ರು. "ಇದು ನಾನೇನಾ?" ಅಂದ್ರು. ನಾನು ಇಷ್ಟು ವರ್ಷ ಹೊಲಿದದ್ದಕ್ಕೆ ಅದೊಂದು ಮಾತು ಸಾಕು. ಈ ಕಾಗದ ಅವರೇ ಕೊನೆಯದಾಗಿ ಒಯ್ತಾರಂತೆ, ಅದಕ್ಕೇ ಅವಸರದಲ್ಲಿ ಬರೀತಿದ್ದೀನಿ.

ಎಲ್ಲಿಯ ಅತ್ತಿಗೆ ಅಂತ ಬರೆದಿದ್ದೆನಲ್ಲ, ಅದನ್ನ ಮರೆತುಬಿಡು. ಅವರು ಬಿಟ್ಟುಹೋಗಿದ್ದು ನನ್ನನ್ನ. ನಿನ್ನನ್ನ ನಾನು ಸಾಕಿದ್ದು, ಅದಕ್ಕೂ ಅವರಿಗೂ ಸಂಬಂಧ ಇಲ್ಲ. ನಿಮ್ಮ ಮೇಲಧಿಕಾರಿಗಳ ಅಂಗಿಯ ಅಳತೆ ಕಳಿಸು, ಮೆಮೋಗೆ ಬದಲು ಒಂದು ಅಂಗಿ ಹೊಲಿದುಕೊಡೋಣ.

ಕಟಿಂಗ್ ಟೇಬಲ್ ಕೆಳಗಿದ್ದ ಚಿಂದಿ ಬಟ್ಟೆಯ ಚೀಲಗಳನ್ನೆಲ್ಲ ತೆಗೆದು ಗುಡಿಸಿದ್ದೀನಿ. ಹಾಸಿಗೆ ಒಳಗಿನ ಕೋಣೆಯಲ್ಲೇ ಹಾಕ್ತೀನಿ, ಆದ್ರೂ ನಿನಗೆ ಅಲ್ಲೇ ಬೇಕು ಅಂದ್ರೆ ಜಾಗ ಇದೆ. ಲ್ಯಾಪ್‌ಟಾಪಿನಿಂದ ಒಂದು ಮಾರು ದೂರದ ಗೋಡೆಗೆ ಒಂದು ಮೊಳೆ ಹೊಡೆದಿದ್ದೀನಿ, ಸೂಜಿಪಟ್ಟಿ ಬಿಚ್ಚಿ ನೇತುಹಾಕೋಕೆ. ಅದು ಈಗ ಖಾಲಿ ಇದೆ.

ಪಟ್ಟಿಯನ್ನ ಪೋಸ್ಟಲ್ಲಿ ಕಳಿಸಬೇಡ. ರಜೆಗೆ ಬರುವಾಗ ನೀನೇ ತಗೊಂಡು ಬಾ. ಅಲ್ಲಿವರೆಗೆ ಸೂಜಿ ಬಾಯಲ್ಲೇ ಕಚ್ಚಿಕೊಂಡಿರ್ತೀನಿ. ಭಯ ಆದ್ರೆ ಬೇಗ ಬಾ.

ನಿನ್ನ ಅತ್ತಿಗೆ